ಹಂಡೆಗೆ 12 ಎತ್ತು, ಹೆಂಗಸಿಗೆ 4

ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಯುದ್ಧದ ಕಾವ್ಯ, ಹೋಮರ್‌ನ ಇಲಿಯಡ್, ಮೊದಲ ಸಲ ಓದಿದ್ದು ಸುಮ್ನೆ ಯುದ್ಧಕ್ಕೋಸ್ಕರ. ಯಾರ ಈಟಿ ಯಾರ ಎದೆಗೆ ನಾಟಿತು, ನನಗೆ ಅಷ್ಟೇ ಬೇಕಿತ್ತು. ಹೆಂಗಸರು ಅಳೋಕೆ ಶುರು ಮಾಡಿದರೆ ಪುಟ ಹಾರಿಸುತ್ತಿದ್ದೆ. ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ 23ನೇ ಅಧ್ಯಾಯದಲ್ಲಿ ಒಂದು ಕಡೆ ಕಣ್ಣು ನಿಂತುಬಿಟ್ಟಿತು. ಗೆಳೆಯ ಪೆಟ್ರೋಕ್ಲಸ್ ಸತ್ತನಲ್ಲ, ಅವನ ಹೆಸರಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಪಂದ್ಯ ಇಡುತ್ತಾನೆ. ಕುಸ್ತಿ ಗೆದ್ದವನಿಗೆ ಬೆಂಕಿ ಮೇಲಿಡುವ ಮೂರು ಕಾಲಿನ ದೊಡ್ಡ ಹಂಡೆ, ಅದು 12 ಎತ್ತಿಗೆ ಸಮ ಅಂತ ಗ್ರೀಕರೇ ಬೆಲೆ ಕಟ್ಟುತ್ತಾರೆ. ಸೋತವನಿಗೆ ಒಬ್ಬ ಹೆಂಗಸು. ಕೈಕೆಲಸದಲ್ಲಿ ಜಾಣೆಯಂತೆ. ಅವಳಿಗೆ 4 ಎತ್ತು.

ಕುಸ್ತಿ ಸಮ ಆಯಿತು. ಬಹುಮಾನವನ್ನೂ ಸಮನಾಗಿ ತಗೊಳ್ಳಿ ಅಂದ ಅಕಿಲೀಸ್. ಹಂಡೆ ಯಾರಿಗೆ, ಹೆಂಗಸು ಯಾರಿಗೆ? ಹೋಮರ್ ಅದನ್ನು ಹೇಳದೆ ಓಟದ ಪಂದ್ಯಕ್ಕೆ ಹೋಗಿಬಿಡುತ್ತಾನೆ.

ಅಲ್ಲಿಂದ ಹೆಂಗಸರನ್ನೇ ಹುಡುಕಿಕೊಂಡು ಓದಿದೆ. ಗ್ರೀಕರ ದೊರೆ ಆಗಮೆಮ್ನಾನ್ ಕಿತ್ತುಕೊಂಡನೆಂದು ಅಕಿಲೀಸ್ ಮುನಿಸಿಕೊಂಡು ಕೂತನಲ್ಲ, ಆ ಸೆರೆಯಾಳು ಬ್ರಿಸೇಯಿಸ್ ಇಡೀ ಕಾವ್ಯದಲ್ಲಿ ಬಾಯಿ ಬಿಡುವುದು ಒಂದೇ ಸಲ, 19ನೇ ಅಧ್ಯಾಯದಲ್ಲಿ, ಬರೀ 14 ಸಾಲು. ಅದೂ ಪೆಟ್ರೋಕ್ಲಸ್‌ನ ಹೆಣದ ಮುಂದೆ. ಅವಳ ಗಂಡನನ್ನು ಕೊಂದವನು ಅಕಿಲೀಸೇ, ಮೂವರು ಅಣ್ಣತಮ್ಮಂದಿರೂ ಸತ್ತಿದ್ದಾರೆ, ಅಳಬೇಡ ನಿನ್ನನ್ನು ಅಕಿಲೀಸ್‌ಗೇ ಮದುವೆ ಮಾಡಿಸುತ್ತೇನೆ ಅಂತ ಸಮಾಧಾನ ಹೇಳುತ್ತಿದ್ದವನು ಪೆಟ್ರೋಕ್ಲಸ್. ಎಂಥಾ ಸಮಾಧಾನ! ಸುತ್ತ ನಿಂತ ಹೆಂಗಸರೂ ಅಳುತ್ತಾರೆ. ನೆಪಕ್ಕೆ ಪೆಟ್ರೋಕ್ಲಸ್, ಆದರೆ ಒಬ್ಬೊಬ್ಬಳೂ ಅತ್ತದ್ದು ತನ್ನ ತನ್ನ ದುಃಖಕ್ಕೆ ಅಂತ ಹೋಮರ್ ಒಂದು ಮಾತು ಸೇರಿಸುತ್ತಾನೆ. ಇದನ್ನು ನಾನು ಮೊದಲ ಸಲ ಹಾರಿಸಿದ್ದೆ.

ದೇವತೆಗಳ ಕಥೆಯೇ ಬೇರೆ. ಗ್ರೀಕ್ ವೀರ ಡಯೊಮಿಡೀಸ್‌ನ ಈಟಿ ಪ್ರೇಮದೇವತೆ ಅಫ್ರೊಡೈಟಿಯ ಕೈಗೆ ತಾಗಿದರೆ ಅವಳು ಅಳುತ್ತಾ ಅಮ್ಮನ ಮಡಿಲಿಗೆ ಬೀಳುತ್ತಾಳೆ, ಅಮ್ಮ ಒರೆಸಿದರೆ ಗಾಯ ಮಾಯ. ಯುದ್ಧದ ದೇವರು ಏರೀಸ್ ಒಂಬತ್ತು ಹತ್ತು ಸಾವಿರ ಜನ ಒಟ್ಟಿಗೆ ಕೂಗಿದ ಹಾಗೆ ಅರಚಿಕೊಂಡು ಓಡುತ್ತಾನೆ. ನಗು ಬರುತ್ತೆ. ಸಾವೇ ಇಲ್ಲದವರಿಗೆ ಯುದ್ಧ ಒಂದು ಆಟ, ಅಲ್ವಾ? ಯುದ್ಧದಲ್ಲಿ ಸಾಯಲಿದ್ದ ಮಗ ಸಾರ್ಪೆಡಾನ್‌ಗೋಸ್ಕರ ದೇವತೆಗಳ ರಾಜ ಜ್ಯೂಸ್ ರಕ್ತದ ಮಳೆ ಸುರಿಸಿದ್ದು ಮಾತ್ರ ನನಗೆ ನಿಜವಾದ ಸಂಕಟ ಅನ್ನಿಸಿತು.

ಇನ್ನು ಆಂಡ್ರೊಮಾಕಿ, ಟ್ರಾಯ್‌ನ ರಾಜಕುಮಾರ ಹೆಕ್ಟರ್‌ನ ಹೆಂಡತಿ. 22ನೇ ಅಧ್ಯಾಯದಲ್ಲಿ ಅವಳು ಒಳಮನೆಯಲ್ಲಿ ಮಗ್ಗದ ಮುಂದೆ ಹೂವಿನ ಚಿತ್ತಾರ ನೇಯುತ್ತಿದ್ದಾಳೆ. ಹೆಕ್ಟರ್ ಯುದ್ಧ ಮುಗಿಸಿ ಬಂದರೆ ಸ್ನಾನಕ್ಕೆ ಬಿಸಿನೀರು ಬೇಕಲ್ಲ, ದೊಡ್ಡ ಹಂಡೆ ಬೆಂಕಿ ಮೇಲಿಡಿ ಅಂತ ದಾಸಿಯರಿಗೆ ಹೇಳುತ್ತಾಳೆ. ಅದೇ ಥರದ ಮೂರು ಕಾಲಿನ ಹಂಡೆ. ಅಷ್ಟರಲ್ಲಾಗಲೇ ಅಕಿಲೀಸ್ ಅವನನ್ನು ಕೊಂದಿದ್ದಾನೆ, ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕೋಟೆ ಕಡೆಯಿಂದ ಅಳು ಕೇಳಿ ಕೈಯಿಂದ ಲಾಳಿ ಜಾರುತ್ತೆ. ಓಡಿಹೋಗಿ ನೋಡಿದರೆ ಅಕಿಲೀಸ್‌ನ ಕುದುರೆಗಳು ಅವನ ಹೆಣವನ್ನು ಎಳೆದುಕೊಂಡು ಹೋಗುತ್ತಿವೆ. ಮೂರ್ಛೆ ಬಂದು ಬೀಳುವಾಗ ತಲೆಯ ಸೆರಗು ಕಳಚಿ ಬೀಳುತ್ತೆ, ಮದುವೆಯ ದಿನ ಅಫ್ರೊಡೈಟಿ ಕೊಟ್ಟಿದ್ದ ಸೆರಗು.

ಹೆಕ್ಟರ್‌ಗೆ ಸ್ನಾನ ಆಗುವುದು 24ನೇ ಅಧ್ಯಾಯದಲ್ಲಿ. ಅಕಿಲೀಸ್‌ನ ಬಿಡಾರದಲ್ಲಿ, ಅಲ್ಲಿನ ದಾಸಿಯರ ಕೈಯಲ್ಲಿ, ಹೆಣ ಬಿಡಿಸಿಕೊಂಡು ಹೋಗಲು ಬಂದ ಮುದಿ ಅಪ್ಪನ ಕಣ್ಣಿಗೆ ಬೀಳದ ಹಾಗೆ ಒಂದು ಪಕ್ಕಕ್ಕೆ.