ಗಿರಿಯ ನಿರ್ಧಾರದಲ್ಲಿ ಕೆರೆಯವರಿಗೂ ಪಾಲಿರಲಿ

ಅಯ್ಯನಕೆರೆ ಕೋಡಿ ಬಿದ್ದ ವರ್ಷ ಸಖರಾಯಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಬಾಗಿನ ಅರ್ಪಿಸಲು ಜನ ಸೇರುತ್ತಾರೆ, ಅಡಿಕೆ ಮತ್ತು ತೆಂಗಿನ ತೋಟದವರು ನೆಮ್ಮದಿಯ ಉಸಿರು ಬಿಡುತ್ತಾರೆ, ಕೊಳವೆಬಾವಿ ಕೊರೆಸಲು ಸಾಲಕ್ಕೆ ಓಡಾಡುತ್ತಿದ್ದವರು ಆ ಯೋಚನೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ನಮ್ಮ ಕಡೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಆ ಮಳೆಯೊಂದನ್ನೇ ನಂಬಿ ಇಷ್ಟು ದೊಡ್ಡ ಕೆರೆ ಕಟ್ಟುವ ಧೈರ್ಯವನ್ನು ನಮ್ಮ ಪೂರ್ವಿಕರು ಮಾಡುತ್ತಿರಲಿಲ್ಲ. ಅವರು ನಂಬಿದ್ದು ಕೆರೆಯ ಏರಿಯ ಮೇಲೆ ನಿಂತರೆ ಪಶ್ಚಿಮಕ್ಕೆ ಕಾಣುವ, ನಾವು ಗಿರಿ ಎಂದೇ ಕರೆಯುವ ಚಂದ್ರದ್ರೋಣ ಪರ್ವತವನ್ನು. ಈ ಕೆರೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವ ಕುಟುಂಬದವನಾಗಿ, ಆ ಪರ್ವತದ ಮೇಲೆ ಈಗ ರೆಸಾರ್ಟ್‌ನಂಥ ಕಟ್ಟಡಗಳಿಗಾಗಿ ಇಳಿಜಾರು ಕಡಿಯುತ್ತಿರುವ ಕಾಮಗಾರಿಗಳ ಬಗ್ಗೆ ಮಾತನಾಡುವ ಹಕ್ಕು ನನಗೂ ಇದೆ ಎಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಗಿರಿಯ ನೀರು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ನದಿ ಅಯ್ಯನಕೆರೆಯನ್ನು ತುಂಬಿಸುತ್ತದೆ, ಅವತಿ ನದಿ ಮದಗದ ಕೆರೆಯನ್ನು ತುಂಬಿಸುತ್ತದೆ. ಎರಡೂ ನದಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರಕ್ಕೆ ಹೋಗಿ, ಮುಂದೆ ತುಂಗಭದ್ರೆಯನ್ನು ಸೇರುತ್ತವೆ. ಅದೇ ಪರ್ವತ ಸಾಲಿನ ದಕ್ಷಿಣದ ನೀರು ಯಗಚಿಯ ಮೂಲಕ ಬೇಲೂರಿನ ಜಲಾಶಯಕ್ಕೂ ಅಲ್ಲಿಂದ ಹೇಮಾವತಿಗೂ ಇಳಿಯುತ್ತದೆ. ಚಿಕ್ಕಮಗಳೂರು ನಗರ ಮುಖ್ಯವಾಗಿ ಕುಡಿಯುವುದೂ ಯಗಚಿಯ ನೀರನ್ನೇ. ಪಶ್ಚಿಮದ ಹಳ್ಳಗಳು ಭದ್ರೆಯನ್ನು ಸೇರುತ್ತವೆ. ಒಂದೇ ಪರ್ವತ ಸಾಲು ಕೃಷ್ಣಾ ಕಣಿವೆಗೂ ಕಾವೇರಿ ಕಣಿವೆಗೂ ನೀರು ಕೊಡುತ್ತಿದೆ, ಮಲೆನಾಡನ್ನು ಕಣ್ಣಿನಿಂದಲೂ ಕಾಣದ ಚಿತ್ರದುರ್ಗ ಜಿಲ್ಲೆಯ ರೈತನವರೆಗೂ ಅದರ ಋಣ ಹರಿದಿದೆ.

ಈ ನೀರು ಮಳೆಗಾಲ ಮುಗಿದ ಮೇಲೂ ಬರುತ್ತಿರಲು ಕಾರಣ ಗಿರಿಯ ಹುಲ್ಲು ಮತ್ತು ಶೋಲಾ ಕಾಡು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದ್ದು ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಅಲ್ಲಿಂದ ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಯವರೆಗೆ ನಡೆದವರಿಗೆ ಗೊತ್ತಿರುವಂತೆ ನೆತ್ತಿಯಲ್ಲಿ ಮೊಣಕಾಲೆತ್ತರದ ಹುಲ್ಲು, ಎರಡು ಗುಡ್ಡಗಳು ಕೂಡುವ ಸಂದಿನಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಹುಲ್ಲಿನ ಬುಡವನ್ನು ಕೈಯಿಂದ ಸರಿಸಿ ನೋಡಿದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ತೆಳುವಾದ ಮಣ್ಣನ್ನು ಬಂಡೆಯ ಮೇಲೆ ಹಿಡಿದಿಟ್ಟಿರುವುದು ಕಾಣುತ್ತದೆ. ಮಳೆಯ ಹೊಡೆತವನ್ನು ಹುಲ್ಲು ತಡೆಯುತ್ತದೆ, ನೀರು ನಿಧಾನವಾಗಿ ಜಾರಿ ಶೋಲಾದೊಳಗಿನ ಕೊಳೆತ ತರಗೆಲೆಯ ಪದರಕ್ಕೆ ಇಳಿಯುತ್ತದೆ, ಅಲ್ಲಿಂದ ತಿಂಗಳುಗಟ್ಟಲೆ ಜಿನುಗುತ್ತದೆ. ಹೊರಗಿನ ಕಣ್ಣಿಗೆ ಈ ಹುಲ್ಲುಗಾವಲು ಖಾಲಿ ಜಾಗದಂತೆ ಕಾಣುತ್ತದೆ. ಕಂದಾಯ ದಾಖಲೆಗಳೂ ಇಂಥ ನೆಲವನ್ನು ಬಹುಕಾಲ ಹಾಗೆಯೇ ಕಂಡಿವೆ, ಮರವಿಲ್ಲದ್ದು ಕಾಡಲ್ಲ ಎಂಬ ತಿಳಿವಳಿಕೆ ಇಂದಿಗೂ ಕಚೇರಿಗಳಲ್ಲಿ ಗಟ್ಟಿಯಾಗಿದೆ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗಿರಿಯ ದಾರಿಯ ಪಕ್ಕದ ಒಂದು ತೋಟ ಕೈ ಬದಲಾಯಿತು. ಬೇಸಿಗೆಯಲ್ಲಿ ಜೆಸಿಬಿ ಬಂದು ಇಳಿಜಾರಿನ ನಡುವೆ ಒಂದು ಮಟ್ಟಸವಾದ ಅಂಗಳವನ್ನು ಕಡಿಯಿತು. ಹಿಂದೆ ಎರಡಾಳೆತ್ತರಕ್ಕಿಂತ ಹೆಚ್ಚಿನ ಕೆಂಪು ಧರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಬರಿಮೈಯಲ್ಲಿ ನಿಂತಿತು. ಕಡಿದ ಮಣ್ಣನ್ನು ಲಾರಿಗೆ ತುಂಬಿ ಸಾಗಿಸಲು ಖರ್ಚಾಗುತ್ತದೆಂದು ಅದನ್ನು ಅಂಗಳದ ಅಂಚಿನಿಂದಲೇ ಕೆಳಗಿನ ಹಳ್ಳದ ಕಡೆಗೆ ದೂಡಲಾಯಿತು. ಮೇಲಿನ ದಾರಿಯ ಚರಂಡಿ ಮುಚ್ಚಿಹೋದದ್ದನ್ನು ಯಾರೂ ಗಮನಿಸಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದಾಗ ದಾರಿಯೇ ಹಳ್ಳವಾಗಿ ಹರಿಯಿತು, ದೂಡಿದ ಮಣ್ಣು ಕರಗಿ ಕೆಳಗಿಳಿಯಿತು, ಧರೆಯ ನೆತ್ತಿಯಿಂದ ಕೆಲವು ಮಾರು ಹಿಂದಕ್ಕೆ ಹುಲ್ಲಿನ ನಡುವೆ ಉದ್ದನೆಯ ಬಿರುಕು ಕಾಣಿಸಿತು. ಕೆಳಗಿನ ಹಳ್ಳಿಯವರು ತೊಳೆಯಲು, ದನಕ್ಕೆ ಕುಡಿಸಲು ಬಳಸುತ್ತಿದ್ದ ನೀರು ಆ ಮಳೆಗಾಲವಿಡೀ ಕೆಂಪಾಗಿಯೇ ಇತ್ತು. ಧರೆ ಆ ವರ್ಷ ಕುಸಿಯಲಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ ತೋಟಗಳು ಹೋದುದನ್ನು ಕಂಡ ಜಿಲ್ಲೆಯಲ್ಲಿ ಇಂಥ ಬಿರುಕನ್ನು ನೋಡಿಕೊಂಡು ಸುಮ್ಮನಿರುವುದು ಸರಿಯಲ್ಲ. ಅಂದು ಬಿದ್ದ ಮಳೆಯೇ ಅಸಾಧಾರಣವಾಗಿತ್ತು ಎಂಬುದು ನಿಜ. ಅಂಥ ಮಳೆ ಮತ್ತೆ ಬರಬಹುದಾದ ನೆಲದಲ್ಲಿ ಇಳಿಜಾರಿನ ಬುಡವನ್ನು ನಾವೇ ಕಡಿದು ಸಡಿಲಗೊಳಿಸುವುದು ಅದಕ್ಕಿಂತ ದೊಡ್ಡ ಆತಂಕ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಬರುತ್ತಲೇ ಇದೆ. ಕೇಂದ್ರ ಸರ್ಕಾರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ ವರದಿಯ ಆಧಾರದ ಮೇಲೆ ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿದೆ. ಪ್ರತಿ ಕರಡು ಬಂದಾಗಲೂ ನಮ್ಮ ಜಿಲ್ಲೆಯಲ್ಲಿ ಬಂದ್, ಮೆರವಣಿಗೆ, ಮನವಿ ನಡೆಯುತ್ತವೆ, ತೋಟ ಬಿಟ್ಟು ಹೋಗಬೇಕಾಗುತ್ತದೆ ಎಂಬ ಭಯ ಹಬ್ಬುತ್ತದೆ. ಆದರೆ ಕರಡನ್ನು ಓದಿದರೆ ಅದು ನಿಷೇಧಿಸುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, ಮತ್ತು 20,000 ಚದರ ಮೀಟರ್ ಹಾಗೂ ಅದಕ್ಕಿಂತ ಹೆಚ್ಚಿನ ಕಟ್ಟಡ ಯೋಜನೆಗಳನ್ನು. ಕಾಫಿ ಬೆಳೆಯುವುದನ್ನಾಗಲಿ, ಇರುವ ಮನೆಯ ದುರಸ್ತಿಯನ್ನಾಗಲಿ ಅದು ತಡೆಯುವುದಿಲ್ಲ. ಅದೇ ಸಮಯದಲ್ಲಿ, ಹತ್ತು ಹದಿನೈದು ಕಾಟೇಜುಗಳ ರೆಸಾರ್ಟ್ ಒಂದು 20,000 ಚದರ ಮೀಟರಿನ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಅಧಿಸೂಚನೆಯ ಪರವಾಗಿರುವವರೂ ಗಮನಿಸಬೇಕು. ನಮ್ಮ ಗಿರಿಯನ್ನು ಈಗ ಕೊರೆಯುತ್ತಿರುವುದು ದೊಡ್ಡ ಯೋಜನೆಯಲ್ಲ, ಒಂದೊಂದೇ ಸರ್ವೆ ನಂಬರಿನಲ್ಲಿ ಆಗುತ್ತಿರುವ ಸಣ್ಣ ಕಡಿತಗಳು. ಆ ಕರಡಿನ ವಿರುದ್ಧದ ಮೆರವಣಿಗೆಗಾಗಲಿ ಅದರ ಪರವಾದ ಹೋರಾಟಕ್ಕಾಗಲಿ ಈ ಕಡಿತಗಳು ಸಿಕ್ಕುವುದೇ ಇಲ್ಲ.

ಕುದುರೆಮುಖದ ಉದಾಹರಣೆಯನ್ನು ಹಲವರು ಕೊಡುತ್ತಾರೆ. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು, ಭದ್ರೆಗೆ ಸೇರುತ್ತಿದ್ದ ಗಣಿಯ ಕೆಸರಿಗೆ ತಡೆ ಬಿತ್ತು. ಅದು ಈ ಜಿಲ್ಲೆ ಹೆಮ್ಮೆಪಡಬೇಕಾದ ಹೋರಾಟ. ಆದರೆ ಅಲ್ಲಿ ಎದುರಿಗೆ ಇದ್ದದ್ದು ಒಂದೇ ಕಂಪನಿ, ಒಂದೇ ಗುತ್ತಿಗೆ. ಇಲ್ಲಿ ಎದುರಿಗೆ ಇರುವವರು ನೂರಾರು ಮಂದಿ ಮಾಲೀಕರು, ಅವರಲ್ಲಿ ನಮ್ಮ ನೆಂಟರಿಷ್ಟರೂ ಇದ್ದಾರೆ.

ಅವರ ಕಷ್ಟವನ್ನು ಬದಿಗಿಟ್ಟು ಮಾತನಾಡುವುದು ನ್ಯಾಯವಲ್ಲ. ಕಾಫಿಗೆ ಆಳು ಸಿಗುವುದಿಲ್ಲ, ಅಕಾಲ ಮಳೆಗೆ ಹಣ್ಣು ಉದುರುತ್ತದೆ, ಕಾಳುಮೆಣಸಿಗೆ ರೋಗ ಬರುತ್ತದೆ, ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿರುತ್ತಾರೆ. ಹಳೆಯ ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಿ ಜೀವನ ಸಾಗಿಸುವವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಇದ್ದ ಮನೆಯಲ್ಲಿ ಅತಿಥಿಯನ್ನು ಇರಿಸಿಕೊಳ್ಳಲು ಗುಡ್ಡ ಕಡಿಯಬೇಕಾಗಿಲ್ಲ. ಆದರೆ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ, ಬೇಸಾಯದ ಸಂಬಂಧವೇ ಇಲ್ಲದವರೂ ಕೃಷಿಭೂಮಿ ಕೊಳ್ಳುವುದು ಸುಲಭವಾಗಿದೆ. ನೋಟ ಚೆನ್ನಾಗಿರುವ ಜಾಗಕ್ಕೆ ಬೆಲೆ ಹೆಚ್ಚು. ನೋಟ ಚೆನ್ನಾಗಿರುವ ಜಾಗವೆಂದರೆ ಕಡಿದಾದ ಇಳಿಜಾರು ಎಂದೇ ಅರ್ಥ.

ಪ್ರವಾಸಿ ವಾಹನಗಳಿಗೆ ಮುಂಗಡ ನೋಂದಣಿ ಮಾಡಿಸಿ ಮಿತಿ ಹಾಕಿದ ಜಿಲ್ಲಾಡಳಿತದ ಕ್ರಮವನ್ನು ನಾನು ಸ್ವಾಗತಿಸುತ್ತೇನೆ. ಅದರಿಂದ ಗಿರಿಯ ಮೇಲಿನ ದಟ್ಟಣೆ ತಗ್ಗಬಹುದು, ಕಡಿತ ತಗ್ಗುವುದಿಲ್ಲ.

ನನ್ನ ಮುಖ್ಯ ಅಹವಾಲು ಇದು. ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಆ ಅರ್ಜಿಯ ಮೇಲೆ ಪಹಣಿ, ನಕ್ಷೆ, ಆ ಒಂದು ಸರ್ವೆ ನಂಬರಿನ ಸ್ಥಿತಿಗತಿ ನೋಡಲಾಗುತ್ತದೆ. ಆ ನೆಲದ ನೀರು ಯಾವ ಹಳ್ಳಕ್ಕೆ, ಯಾವ ಕೆರೆಗೆ ಇಳಿಯುತ್ತದೆ ಎಂದು ಕೆಳಗಿನವರನ್ನು ಕೇಳುವ ಪದ್ಧತಿಯೇ ಇಲ್ಲ. ಅಯ್ಯನಕೆರೆಯ ಅಂಗಳದಲ್ಲಿ ಯಾರಾದರೂ ಒತ್ತುವರಿ ಮಾಡಿದರೆ ತಡೆಯಲು ಕಾನೂನಿದೆ, ನಾವು ಹೋಗಿ ದೂರು ಕೊಡಬಹುದು. ಅದೇ ಕೆರೆಗೆ ಹೂಳು ಕಳಿಸುವ ಕಡಿತ ಹಲವು ಮೈಲಿ ಮೇಲೆ, ಬೇರೆ ಪಂಚಾಯಿತಿಯಲ್ಲಿ ನಡೆದರೆ ನಮಗೆ ತಿಳಿಯುವುದೇ ಮಳೆಗಾಲದಲ್ಲಿ ನೀರಿನ ಬಣ್ಣ ನೋಡಿದ ಮೇಲೆ. ಆಮೇಲೆ ಹೂಳೆತ್ತಲು ಸರ್ಕಾರದ ಹಣಕ್ಕೆ ಮನವಿ ಬರೆಯುವವರೂ ನಾವೇ.

ಆದ್ದರಿಂದ ಗಿರಿಯ ಹಳ್ಳಿಗಳಲ್ಲಿ ಪರಿವರ್ತನೆಯ ಅರ್ಜಿ ಬಂದಾಗ, ಆ ಹಳ್ಳದ ಕೆಳಗಿರುವ ಪಂಚಾಯಿತಿಗಳ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಬೇಕು. ಇದಕ್ಕೆ ಹೊಸ ಸಂಸ್ಥೆ ಹುಟ್ಟುಹಾಕಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯವನ್ನು ದಾಖಲಿಸಿದ ಜನತಾ ದಾಖಲಾತಿಯೂ ಇರಬೇಕು. ಗಿರಿಯ ಪಂಚಾಯಿತಿಗಳ ಸಮಿತಿಯೂ ಕೆರೆಯ ಪಂಚಾಯಿತಿಗಳ ಸಮಿತಿಯೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಒಟ್ಟಿಗೆ ಕುಳಿತು ಹಳ್ಳಗಳನ್ನು, ಶೋಲಾ ತುಣುಕುಗಳನ್ನು, ಹಡ್ಲು ಬಿದ್ದ ಗದ್ದೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ, ಎಲ್ಲಿ ಕಡಿಯಲೇಬಾರದು ಎಂಬುದು ಅರ್ಜಿ ಬರುವ ಮೊದಲೇ ಸ್ಪಷ್ಟವಾಗುತ್ತದೆ. ಮಳೆಗಾಲದಲ್ಲಿ ಮಣ್ಣು ಕಡಿಯುವ ಕೆಲಸ ಪೂರ್ತಿ ನಿಲ್ಲಬೇಕು, ಕಡಿದ ಮಣ್ಣನ್ನು ಹಳ್ಳಕ್ಕೆ ದೂಡಿದವರಿಂದಲೇ ತೆಗೆಸಬೇಕು. ಗಿರಿಯಲ್ಲಿ ಹುಟ್ಟಿ ಬೆಳೆದ ಹಳೆಯ ಬೆಳೆಗಾರರಲ್ಲಿ ಹಲವರು ಇದಕ್ಕೆ ಒಪ್ಪುತ್ತಾರೆ, ಏಕೆಂದರೆ ಮೇಲಿನ ತೋಟದ ಧರೆ ಜಾರಿದರೆ ಮೊದಲು ಮುಚ್ಚಿಹೋಗುವುದು ಅವರ ಕಾಫಿ ಗಿಡವೇ.

ಈ ಕೋರಿಕೆಯನ್ನು ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಲು ಬರಹದ ರೂಪದಲ್ಲಿ ಸಿದ್ಧಪಡಿಸಿದ್ದೇನೆ. ಅಯ್ಯನಕೆರೆ ಮತ್ತು ಮದಗದ ಕೆರೆಯ ಅಚ್ಚುಕಟ್ಟಿನ ಬೇರೆ ಊರುಗಳವರು ತಮ್ಮ ತಮ್ಮ ಗ್ರಾಮಸಭೆಗಳಲ್ಲಿ ಇದನ್ನೇ ಮಂಡಿಸಿ ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆಸಿದರೆ, ಎಲ್ಲ ನಿರ್ಣಯಗಳನ್ನೂ ಸೇರಿಸಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬಹುದು. ಗಿರಿಯ ಮೇಲಿನ ಪಂಚಾಯಿತಿಗಳ ಸದಸ್ಯರನ್ನೂ ಕಂಡು ಮಾತನಾಡಬೇಕೆಂದಿದ್ದೇನೆ; ಅವರ ಒಪ್ಪಿಗೆಯಿಲ್ಲದೆ ಇದು ಕಾಗದದ ಮೇಲೆಯೇ ಉಳಿಯುತ್ತದೆ.