ಮೋಆಬ್‌ಗೆ ಸೈಕಲ್ ತುಳಿಯಲು ಹೋಗುವ ಮುನ್ನ

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೊರಟವರೆಲ್ಲ ಮೊದಲು ಕೇಳುವುದು ಸ್ಲಿಕ್‌ರಾಕ್ ಟ್ರೇಲ್ ಎಂಬ ಬಂಡೆಹಾದಿಯ ಬಗ್ಗೆಯೇ. ಖಂಡಿತ ಹೋಗಿ, ಆದರೆ ಮೊದಲ ದಿನ ಬೇಡ. ಕಾಲಲ್ಲಿ ಎಷ್ಟೇ ಕಸುವಿರಲಿ, ಅಲ್ಲಿನ ಒಣ ಹವೆಗೂ ಮರಳಿಗೂ ಒಗ್ಗಿಕೊಳ್ಳಲು ಒಂದು ದಿನ ಕೊಡಿ.

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಜುಲೈನಲ್ಲಿ ಬಿಸಿಲು 38 ಡಿಗ್ರಿ ದಾಟುತ್ತದೆ, ಸುಮ್ನೆ ಸಾಹಸ ಬೇಡ. ಸಾಲ್ಟ್ ಲೇಕ್ ಸಿಟಿಯಿಂದ ಕಾರಲ್ಲಿ ಸುಮಾರು ನಾಲ್ಕು ಗಂಟೆ, ಕೊಲೊರಾಡೋದ ಗ್ರ್ಯಾಂಡ್ ಜಂಕ್ಷನ್‌ನಿಂದ ಎರಡು ಗಂಟೆ. ವಿಮಾನದಲ್ಲಿ ಬರುವವರು ಸೈಕಲ್ ಹೊತ್ತು ತರಬೇಡಿ, ಊರಲ್ಲೇ ಫುಲ್ ಸಸ್ಪೆನ್ಷನ್ (ಎರಡೂ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುವ) ಸೈಕಲ್ ಬಾಡಿಗೆಗೆ ಸಿಗುತ್ತದೆ. ಟ್ಯೂಬ್‌ಲೆಸ್ ಟೈರ್ ಇರುವುದನ್ನೇ ಕೇಳಿ. ನಮ್ಮ ಹೊಲಗಳ ನೆಗ್ಗಿಲು ಮುಳ್ಳು ಅಲ್ಲೂ ಇದೆ, ಚುಚ್ಚುವುದರಲ್ಲಿ ಏನೂ ಕಮ್ಮಿಯಿಲ್ಲ!

ಮೊದಲ ದಿನಕ್ಕೆ ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕ್‌ನ ಇಂಟ್ರೆಪಿಡ್ ಟ್ರೇಲ್‌ಗಳು ಸಾಕು. ಏರಿಳಿತ ಕಡಿಮೆ, ದಾರಿಯುದ್ದಕ್ಕೂ ಕಣಿವೆಯ ನೋಟ. ಅಂಚಿನ ಹತ್ತಿರ ಫೋಟೋ ತೆಗೆಯುವಾಗ ಮಾತ್ರ ಸೈಕಲ್‌ನಿಂದ ಇಳಿದುಬಿಡಿ.

ಇನ್ನು ಸ್ಲಿಕ್‌ರಾಕ್. 1969ರಲ್ಲಿ ಮೋಟಾರ್‌ಸೈಕಲ್‌ಗಳಿಗಾಗಿ ಗುರುತಿಸಿದ ದಾರಿ ಇದು, ಈಗಲೂ ಮೋಟಾರ್‌ಸೈಕಲ್‌ಗಳು ಎದುರಾಗುತ್ತವೆ. ಸುಮಾರು 10 ಮೈಲಿ ಅಷ್ಟೇ, ಆದರೂ ಮೂರ್ನಾಲ್ಕು ಗಂಟೆ ಆರಾಮಾಗಿ ಹಿಡಿಯುತ್ತದೆ. ಹಿಂದೊಮ್ಮೆ ಮರಳುಗುಡ್ಡೆಯಾಗಿದ್ದದ್ದು ಗಟ್ಟಿಯಾಗಿ ಬಂಡೆಯಾಗಿದೆ. ಮೇಲೆ ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು. ಟೈರ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಬಿದ್ದರೆ ಮೊಣಕೈ ಚರ್ಮವೂ ಅಷ್ಟೇ ಚೆನ್ನಾಗಿ ಕಿತ್ತುಬರುತ್ತದೆ. ಪೂರ್ತಿ ಕೈಗವಸು ಹಾಕಿಕೊಳ್ಳಿ. ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳೇ ದಾರಿ, ಅವನ್ನು ಬಿಟ್ಟು ಅಡ್ಡಹಾದಿ ಹಿಡಿದರೆ ಪ್ರಪಾತದ ಅಂಚಿಗೆ ಹೋಗಿ ನಿಲ್ಲಬಹುದು. ಕಡಿದಾದ ಏರಿನಲ್ಲಿ ಸೀಟಿನ ಮುಂದಿನ ತುದಿಗೆ ಜರುಗಿ ಎದೆಯನ್ನು ಹ್ಯಾಂಡಲ್ ಕಡೆ ಬಾಗಿಸಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಬಂಡೆ ಇಳಿದ ತಕ್ಷಣ ಮರಳು ಸಿಗುತ್ತದಲ್ವಾ, ಅಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಭಾರವನ್ನು ಹಿಂದಕ್ಕೆ ಹಾಕಿ ತುಳಿಯುತ್ತಲೇ ಇರಿ.

ಬೆವರು ಅಲ್ಲಿ ಕಾಣುವುದೇ ಇಲ್ಲ, ಬಂದ ಹಾಗೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪು ಮೂಡಿದಾಗಲೇ ಗೊತ್ತಾಗುವುದು. ಅರ್ಧ ದಿನಕ್ಕೂ ತಲೆಗೆ ಮೂರು ಲೀಟರ್ ನೀರು ಬೇಕು. ಜೊತೆಗೆ ಖಾರದ ಅವಲಕ್ಕಿ ಒಯ್ಯಿರಿ, ಸಿಹಿ ಎನರ್ಜಿ ಬಾರ್‌ಗಿಂತ ಅದು ನನಗೆ ಎಷ್ಟೋ ವಾಸಿ.

ದಾರಿ ಪಕ್ಕ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಮಣ್ಣನ್ನು ತುಳಿಯಬೇಡಿ. ಅದು ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ಪದರ. ಮರಳು ಗಾಳಿಗೆ ಹಾರದಂತೆ ಹಿಡಿದಿಡುವುದೇ ಅದು. ಒಮ್ಮೆ ಒಡೆದರೆ ಮತ್ತೆ ಕಟ್ಟಿಕೊಳ್ಳಲು ಹತ್ತಾರು ವರ್ಷ ಬೇಕು.

ಸಮಯವೂ ಗೆಳೆಯರೂ ಇದ್ದರೆ ಕ್ಯಾನಿಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನ ವೈಟ್ ರಿಮ್ ರಸ್ತೆ ಹಿಡಿಯಿರಿ. 1950ರ ದಶಕದಲ್ಲಿ ಯುರೇನಿಯಂ ಹುಡುಕಲು ಮಾಡಿದ 100 ಮೈಲಿಯ ಕಚ್ಚಾ ರಸ್ತೆ. ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಮುಗಿಸುತ್ತಾರೆ. ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ, ಅವರ ಸಹವಾಸ ನಮಗೆ ಬೇಡ. ದಾರಿಯಲ್ಲೆಲ್ಲೂ ಕುಡಿಯುವ ನೀರಿಲ್ಲ, ಬೆಂಕಿ ಹಾಕುವಂತಿಲ್ಲ. ಹಾಗಾಗಿ ನೀರು, ಟೆಂಟ್, ಒಲೆ ಹೊರಲು ಒಂದು ಫೋರ್ ವೀಲ್ ಡ್ರೈವ್ ಗಾಡಿ ಹಿಂದೆ ಬರಬೇಕು. ಗೆಳೆಯರು ಸರದಿಯಂತೆ ಓಡಿಸಬಹುದು. ಒಂದೇ ದಿನಕ್ಕಾದರೂ ಪರ್ಮಿಟ್ ಬೇಕು. ರಾತ್ರಿ ತಂಗುವ ಜಾಗಗಳಂತೂ ವಸಂತಕ್ಕೆ ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುತ್ತವೆ. ಮೊದಲು ಪರ್ಮಿಟ್, ಆಮೇಲೆ ವಿಮಾನದ ಟಿಕೆಟ್.

ಶೇಫರ್ ಇಳಿಜಾರಿನಿಂದ ಶುರು ಮಾಡಿದರೆ ಮೊದಲ ದಿನ ಹಗುರ, ಕೊನೆಗೆ ಮಿನರಲ್ ಬಾಟಮ್‌ನ ತಿರುವುಗಳ ಏರು. ಅದಕ್ಕೆ ಬೆಳಿಗ್ಗೆ ಬೇಗ ಹೊರಡಿ. ಏರಿದ ಮೇಲೂ ಶುರುವಿನಲ್ಲಿ ಕಾರು ನಿಲ್ಲಿಸಿದಲ್ಲಿಗೆ ಇನ್ನೂ ಹತ್ತಾರು ಮೈಲಿ ಇರುತ್ತದೆ.