ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂದು ಕೇಳುವವರಿಗೆ

ಕಾಡಿನಲ್ಲಿ ಬಂದೂಕು ಹಿಡಿದು ಹೋರಾಡಿ ಮರಳಿದ ಗೆರಿಲ್ಲಾಗಳನ್ನು ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂದು ಊಟಕ್ಕೆ ಕೂತಲ್ಲೆಲ್ಲ ನನ್ನನ್ನು ಕೇಳುತ್ತಾರೆ. ಹೌದು, ಬಿಟ್ಟುಕೊಳ್ಳುತ್ತಾರೆ. ಬಂದೂಕು ಕೆಳಗಿಟ್ಟು ಬಂದ ಮಗನನ್ನೋ ಮಗಳನ್ನೋ ಬಹಳಷ್ಟು ಮನೆಗಳು ಒಳಗೆ ಕರೆಯುತ್ತವೆ. ಇಷ್ಟು ಹೇಳಿ ಎಲೆಯ ಮುಂದಿನಿಂದ ಎದ್ದು ಹೋಗುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪುಣೆಯಲ್ಲಿದ್ದುಕೊಂಡು ಮಾಜಿ ಗೆರಿಲ್ಲಾಗಳ ಕುಟುಂಬಗಳ ಬಗ್ಗೆ ಓದುವುದು, ಬರೆಯುವುದು ನನ್ನ ಕಸುಬು. ಇಲ್ಲಿನ ಕನ್ನಡಿಗರ ಮುಂಜಿಯಿರಲಿ, ರಾಜ್ಯೋತ್ಸವವಿರಲಿ, ಪಾಯಸಕ್ಕಿಂತ ಮೊದಲು ಈ ಪ್ರಶ್ನೆ ಬರುತ್ತದೆ. ಕೋಥರೂಡಿನ ಒಂದು ಗೃಹಪ್ರವೇಶದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಹಪ್ಪಳ ಮುರಿಯುತ್ತಾ, "ಅಂಥವರನ್ನು ಇಟ್ಟುಕೊಂಡು ಮನೆಯವರಿಗೆ ನಿದ್ದೆ ಹೇಗೆ ಬರುತ್ತದೆ?" ಎಂದರು. ಬಾಡಿಗೆದಾರನ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ವಿಚಾರಿಸುವ ದನಿ. ಮನೆಯವರ ನಿದ್ದೆ ಕೆಟ್ಟದ್ದು ಮಗ ಕಾಡಿಗೆ ಹೋದ ದಿನ ಸ್ವಾಮಿ, ಬಂದ ದಿನವಲ್ಲ.

ಇನ್ನು ಕೆಲವರಿಗೆ ಕುಟುಂಬವೆಂದರೆ ತಾಯಿಯ ಕಣ್ಣೀರು, ಅಷ್ಟೇ. ಸರ್ಕಾರಗಳಿಗೂ ಅದು ಗೊತ್ತು. ಕೊಲಂಬಿಯಾದಲ್ಲಿ ತಾಯಂದಿರಿಂದ ಮಕ್ಕಳ ಬಾಲ್ಯದ ಫೋಟೊ ಪಡೆದು, "ಗೆರಿಲ್ಲಾ ಆಗುವ ಮೊದಲು ನೀನು ನನ್ನ ಮಗು" ಎಂದು ಬರೆದು ಗೆರಿಲ್ಲಾಗಳಿರುವ ಕಡೆ ಅಂಟಿಸಿದರು. ಜಾಣ ಉಪಾಯ, ಒಪ್ಪುತ್ತೇನೆ. ಆದರೆ ಕುಟುಂಬವೆಲ್ಲ ಊರಲ್ಲೇ ಕಾಯುತ್ತಿರುತ್ತದೆ ಎಂದು ಹೇಳಿದವರು ಯಾರು? ಗಂಡ ಹೆಂಡತಿ ಇಬ್ಬರೂ ಕಾಡಿನಲ್ಲೇ ಇದ್ದದ್ದುಂಟು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಮಾವೋವಾದಿ ನಾಯಕಿ ತಾರಕ್ಕ ಶರಣಾದದ್ದು 2025ರ ಜನವರಿ 1ರಂದು. ಅವರ ಗಂಡ, ಮಾವೋವಾದಿ ನಾಯಕ ಭೂಪತಿ 60 ಸಂಗಾತಿಗಳೊಂದಿಗೆ ಶರಣಾಗಿ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮಕ್ಕಳಾದರೆ ಓಡಾಟಕ್ಕೆ ತೊಡಕೆಂದು ಮಾವೋವಾದಿಗಳ ಸಶಸ್ತ್ರ ದಳಗಳಲ್ಲಿ ಮದುವೆಗೆ ಮುನ್ನ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದರು. ಶರಣಾದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಹೋದ ಜೋಡಿಗಳಿವೆ. ಇದನ್ನು ಊಟದ ಪಂಕ್ತಿಯಲ್ಲಿ ಹೇಳಿದರೆ ಎಲ್ಲರೂ ಒಮ್ಮೆಲೇ ಉಪ್ಪಿನಕಾಯಿ ಕೇಳುತ್ತಾರೆ.

ಮರಳಿ ಬಂದ ಹೆಂಗಸಿಗೆ ಆ ಮನೆ ಬೇಕೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಆರು ಮಂದಿ ಮಾವೋವಾದಿಗಳಲ್ಲಿ ನಾಲ್ವರು ಹೆಂಗಸರು. ಅಲ್ಲಿಂದ ಅವರು ಹೋದದ್ದು ಮನೆಗಲ್ಲ, ನ್ಯಾಯಾಂಗ ಬಂಧನಕ್ಕೆ. ಅಪ್ಪುಗೆಯ ಮಾತು ಆಮೇಲೆ. ಮನೆಯವರ ಪಾಲಿಗೆ ಮೊದಲು ಬರುವುದು ವಕೀಲರ ಹುಡುಕಾಟ, ಜಾಮೀನು, ಕೋರ್ಟಿನ ತಾರೀಖು.

ನೇಪಾಳವನ್ನು ನೋಡಿ. ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಲೆಕ್ಕ ಹಾಕಿದ 19,602 ಮಾವೋವಾದಿ ಹೋರಾಟಗಾರರಲ್ಲಿ 3,846 ಮಂದಿ ಮಹಿಳೆಯರು. ಮಾವೋವಾದಿ ಸೈನ್ಯದೊಳಗೆ ಜಾತಿ ನೋಡದೆ ಮದುವೆಯಾದವರು ಅವರಲ್ಲಿ ಎಷ್ಟೋ ಜನ. 2012ರಲ್ಲಿ ಹೆಚ್ಚಿನವರು ಸರ್ಕಾರದಿಂದ ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ ಪಡೆದು, ತಮ್ಮನ್ನು ಇರಿಸಿದ್ದ ಶಿಬಿರ ಬಿಟ್ಟರು. ಹಣ ತಂದ ಮಗನಿಗೆ ಬಾಗಿಲು ತೆರೆಯಿತು. ಸೊಸೆಗೆ ತೆರೆಯುವ ಮುನ್ನ ಆಕೆಯ ಜಾತಿ ವಿಚಾರಿಸಿದ ಮನೆಗಳು ಕಡಿಮೆಯಿಲ್ಲ. ಗಂಡಸರ ತುಕಡಿಗೆ ಆಜ್ಞೆ ಕೊಟ್ಟವಳು ಅತ್ತೆಯ ಮುಂದೆ ಸೆರಗು ಹೊದ್ದುಕೊಂಡರೆ ಅದಕ್ಕೆ ಪುನರ್ವಸತಿ ಎಂದು ಹೆಸರು. ಕುಟುಂಬ ಎಲ್ಲ ಗಾಯ ಮಾಯಿಸುತ್ತದೆ ಎಂದು ಭಾಷಣ ಮಾಡುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ.

ಕೊಲಂಬಿಯಾದ ಫಾರ್ಕ್ ಎಂಬ ಗೆರಿಲ್ಲಾ ಸೇನೆಯಲ್ಲಿ ಮಗುವನ್ನು ಜೊತೆಗಿಟ್ಟುಕೊಳ್ಳುವಂತಿರಲಿಲ್ಲ. ಹೆತ್ತವರು ಕೂಸನ್ನು ಬಂಧುಗಳ ಕೈಗಿಟ್ಟು ಹೋದರು. ಸರ್ಕಾರದೊಂದಿಗೆ ಆದ 2016ರ ಶಾಂತಿ ಒಪ್ಪಂದದ ನಂತರ ಹುಡುಕಿಕೊಂಡು ಬಂದರೆ, ಮಗುವಿಗೆ ಅಮ್ಮ ಎಂದರೆ ಸಾಕಿದ ಅಜ್ಜಿ. ಈಗ ಹೇಳಿ, ಇಲ್ಲಿ ಯಾರು ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು? ಮೊದಲು ಮಗುವನ್ನು ಕೇಳಬೇಕು ಎನ್ನುವವಳು ನಾನು.